ಹವಾಲ್ದಾರರ ಹೆಸರಿನ ಹಿಂದಿನ ಏಳು ಅಕ್ಷರ

ನುಣುಪು ಮಾಡಿದ ಕರಿಕಲ್ಲಿನ ಮೇಲೆ ನೀರು ಸುರಿದರೆ ಒಂದು ವಾಸನೆ ಏಳುತ್ತದೆ. ಕಲ್ಲಿನ ಕೆಲಸ ಮಾಡದವರಿಗೆ ಅದು ತಿಳಿಯುವುದು ಕಷ್ಟ. ಮಣ್ಣಿನ ವಾಸನೆಯಲ್ಲ, ಮಳೆಯದೂ ಅಲ್ಲ. ಚಿಕ್ಕಂದಿನಲ್ಲಿ ಬಾವಿಯೊಳಕ್ಕೆ ಬಗ್ಗಿ ‘ಓ’ ಅಂತ ಕೂಗಿದರೆ ನಮ್ಮದೇ ದನಿಯ ಜೊತೆ ಒಂದು ತಣ್ಣನೆಯ ಉಸಿರು ಮೇಲೆ ಬಂದು ಮುಖಕ್ಕೆ ತಾಗುತ್ತಿತ್ತಲ್ಲ, ಹೆಚ್ಚುಕಡಿಮೆ ಅಂಥದ್ದು. ಮೊನ್ನೆ ಸೋಮವಾರ ಬೆಳಿಗ್ಗೆ, ಕೊಳ್ಳೇಗಾಲದ ನನ್ನ ಅಂಗಡಿಯ ಮುಂದೆ ಬೇವಿನ ಮರಕ್ಕೆ ಒರಗಿಸಿದ್ದ ಒಂದು ಕಲ್ಲಿಗೆ ಚೊಂಬು ನೀರು ಸುರಿದೆ. ನಾನೇ ಸೀಮೆಸುಣ್ಣದಲ್ಲಿ ಬರೆದಿದ್ದ ಹೆಸರು ಕರಗಿ, ಬಿಳಿ ಗೆರೆಯಾಗಿ ಕೆಳಗಿಳಿದು ಮಣ್ಣು ಸೇರಿತು. ವಾಸನೆ ಎದ್ದಿತು. ಅದರ ಜೊತೆಗೆ ಹವಾಲ್ದಾರ್ ಮಾದಯ್ಯನವರೂ ಎದ್ದು ಬಂದರು.

ಅವರು ತೀರಿಕೊಂಡು ಹತ್ತು ತಿಂಗಳಾಗಿದೆ. ಆ ಕಲ್ಲು ಅವರದೇ. ಲೊಕ್ಕನಹಳ್ಳಿಯ ಅವರ ಹೊಲದಲ್ಲಿ, ಅವರನ್ನು ಮಣ್ಣು ಮಾಡಿದ ಕಡೆ ನಿಲ್ಲಬೇಕಾದ ಕಲ್ಲು. ವರ್ಷದ ದಿನ ಮಾಜಿ ಸೈನಿಕರು ಒಂದಷ್ಟು ಮಂದಿ ಹೂ ಇಡಲು ಬರುತ್ತಾರಂತೆ; ಅಷ್ಟರೊಳಗೆ ಹೆಸರು ಕೆತ್ತಿ ಕೊಡಬೇಕು. ಹೆಸರೇನು, ಮೂರಕ್ಷರ. ಅರ್ಧ ದಿನದ ಕೆಲಸ. ಆದರೆ ನಾಲ್ಕು ದಿನದಿಂದ ನಾನು ಬರೆಯುವುದು, ನೀರು ಸುರಿಯುವುದು, ಮತ್ತೆ ಬರೆಯುವುದು, ಇಷ್ಟನ್ನೇ ಮಾಡುತ್ತಿದ್ದೆ. ಉಳಿ ಮುಟ್ಟಿರಲಿಲ್ಲ. ತೊಡಕು ಹೆಸರಿನದಲ್ಲ, ಹೆಸರು ಮುಗಿದ ಮೇಲೆ ಅದರ ಹಿಂದೆ ಏನು ಬರಬೇಕು ಅನ್ನುವುದರದ್ದು.

ಹೇಳುತ್ತೇನೆ, ಕೂತುಕೊಳ್ಳಿ. ಅಂಗಡಿಯಲ್ಲಿ ಕುರ್ಚಿಯಿಲ್ಲ, ಬಣ್ಣದ ಡಬ್ಬ ಇದೆ. ಮುಚ್ಚಳ ಒಣಗಿದೆಯೋ ಇಲ್ಲವೋ ಬೆರಳಿಟ್ಟು ನೋಡಿಕೊಂಡು ಕೂತರೆ ಒಳ್ಳೆಯದು.

ನಾನು ಎಂಟನೇ ಕ್ಲಾಸಿನ ಅರ್ಧಕ್ಕೆ ಸ್ಕೂಲು ಬಿಟ್ಟವನು. ಬಿಟ್ಟೆ ಅನ್ನುವುದಕ್ಕಿಂತ, ಒಂದು ದಿನ ಸ್ಕೂಲಿಗೆ ಹೋಗುವ ದಾರಿಯಲ್ಲಿ ಯಾರೋ ಅಂಗಡಿ ಬೋರ್ಡು ಬರೆಯುವುದನ್ನು ನೋಡುತ್ತಾ ನಿಂತವನು ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ ಅನ್ನಬೇಕು. ಅದಕ್ಕೆ ನನಗೆ ಸಂಕೋಚವಿಲ್ಲ. ಇಲ್ಲಿಂದ ಹನೂರಿನವರೆಗೆ, ಆ ಕಡೆ ಯಳಂದೂರಿನವರೆಗೆ, ಒಂದು ಕಾಲದಲ್ಲಿ ನನ್ನ ಬ್ರಷ್ಷು ಮುಟ್ಟದ ಬಾಗಿಲು ಕಮ್ಮಿ. ವಕೀಲರು, ಡಾಕ್ಟರು, ಮೇಷ್ಟ್ರುಗಳು ಎಲ್ಲರ ಹೆಸರನ್ನೂ ಹೆಸರಿನ ಹಿಂದಿನ ಅಕ್ಷರಗಳನ್ನೂ ನಾನೇ ಬರೆದೆ. ಬಿ.ಎ.ಗೆ ಚುಕ್ಕಿ ಎಲ್ಲಿಡಬೇಕು ಅಂತ ಬಿ.ಎ. ಮಾಡಿದವರೇ ನನ್ನನ್ನು ಕೇಳುತ್ತಿದ್ದರು. ಇಂಗ್ಲಿಷ್ ನನಗೆ ಬರುವುದಿಲ್ಲ. ಇಂಗ್ಲಿಷ್ ಅಕ್ಷರ ಬರುತ್ತದೆ. ತಮಿಳೂ ಅಷ್ಟೇ. ಗಡಿ ಕಡೆಯ ಅಂಗಡಿಗಳಿಗೆ ತಮಿಳಿನಲ್ಲಿ ಬರೆದುಕೊಟ್ಟು, ಏನು ಬರೆದೆ ಅಂತ ಆಮೇಲೆ ಅವರ ಬಾಯಿಂದಲೇ ತಿಳಿದುಕೊಂಡದ್ದುಂಟು.

ದಿನವೆಲ್ಲಾ ಬೇರೆಯವರ ಹೆಸರಿಗೆ ಬಾಲ ಬರೆದು ಬರೆದು ನನಗೊಂದು ಚಟ ಹತ್ತಿಕೊಂಡಿತು. ಬರೀ ಹೆಸರು ಮಾತ್ರ ಇರುವ ಬೋರ್ಡು ನೋಡಿದರೆ ಬಾಲ ಕತ್ತರಿಸಿದ ಎತ್ತನ್ನು ಕಂಡಂತಾಗುವುದು. ನೊಣ ಬಂದರೆ ಪಾಪ ಏನು ಮಾಡುತ್ತದೆ ಅನ್ನಿಸುವುದು. ಹೆಸರು ಚಿಕ್ಕದಾಗಿ ಬಲಗಡೆ ಜಾಗ ಉಳಿದರೆ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಹೂವೋ ಬಳ್ಳಿಯೋ ಎಳೆದೇ ತೀರಬೇಕು. ನನ್ನ ಹೆಸರಿನ ಹಿಂದೆ ಬರೆದುಕೊಳ್ಳಲು ಏನೂ ಇರಲಿಲ್ಲವಾದ್ದರಿಂದ ನನ್ನ ಅಂಗಡಿ ಬೋರ್ಡಿನಲ್ಲಿ ಒಂದು ನವಿಲು ಬರೆದಿದ್ದೆ. ಗರಿ ಮಾತ್ರ ಬೋರ್ಡಿನ ಕೊನೆಯವರೆಗೂ ಎಳೆದಿದ್ದೆ. ಯಾವ ಡಾಕ್ಟರಿಗೂ ಅಷ್ಟುದ್ದ ಬರೆದಿರಲಿಲ್ಲ.

ಆಮೇಲೆ ಬೋರ್ಡುಗಳೆಲ್ಲ ಮೆಷಿನ್ನಿಗೆ ಹೋದವು. ನಾನು ಬ್ರಷ್ಷು ತೊಳೆದಿಟ್ಟು ಉಳಿ ಹಿಡಿದೆ. ಕಲ್ಲಿನ ಕೆಲಸಕ್ಕೆ ಬಂದಮೇಲೆ ಒಂದು ವಿಷಯ ಕಲಿತೆ: ಬಣ್ಣ ತಪ್ಪಾದರೆ ಒರೆಸಬಹುದು, ಕಲ್ಲು ತಪ್ಪಾದರೆ ತಪ್ಪಾಗಿಯೇ ಇರುತ್ತದೆ, ನಾವು ಹೋದಮೇಲೂ.

ಗುರುವಾರ ಕಲ್ಲು ತಂದು ಇಳಿಸಿದವರು ಹವಾಲ್ದಾರರ ಹೆಂಡತಿ ಚಿಕ್ಕತಾಯಮ್ಮ. ಎಪ್ಪತ್ತು ದಾಟಿದ ಹೆಂಗಸು. ಗೂಡ್ಸ್ ಆಟೋದಲ್ಲಿ ಡ್ರೈವರ್ ಪಕ್ಕ ಕೂತು, ಕಲ್ಲಿಗೆ ಪೆಟ್ಟಾಗದ ಹಾಗೆ ದಾರಿಯುದ್ದಕ್ಕೂ ಅವನನ್ನು ಬೈಯುತ್ತಾ ಬಂದಿದ್ದರು. ಜೊತೆಗೆ ಮೊಮ್ಮಗಳು ಸಹನಾ, ಮಾಂಬಳ್ಳಿಗೆ ಕೊಟ್ಟ ಮಗಳ ಮಗಳು. ಯಳಂದೂರಿನಲ್ಲಿ ಕಾಲೇಜು ಓದುತ್ತಾಳೆ, ಎನ್‌ಸಿಸಿಯಲ್ಲಿದ್ದಾಳೆ.

“ಅವ್ರ್ ಎಸ್ರು ಬರಿ,” ಅಂದರು ಚಿಕ್ಕತಾಯಮ್ಮ. “ಎಸ್ರಿನ್ ಇಂದೆ ಆ ಏಳಕ್ಷರ ಕೆತ್ಬುಡು.”

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. “ಯಾವ ಏಳಕ್ಷರ ಅವ್ವ?”

“ಗೊತ್ತಿಲ್ದೋನಂಗೆ ಆಡ್ಬ್ಯಾಡ. ನೀನೇ ಬರ್ದೋನು, ನೀನೇ ಅಳಿಸ್ದೋನು. ಆಗ ಅವ್ರಿದ್ರು, ಬ್ಯಾಡ ಅಂದ್ರು. ಈಗ ಅನ್ನೋರು ಯಾರವ್ರೆ?”

“ಅಜ್ಜಿ, ಹಂಗೆಲ್ಲಾ ಹಾಕಂಗಿಲ್ಲ,” ಅಂದಳು ಸಹನಾ. “ಆ ಮೆಡಲ್‌ಗಳಿಗೆ ಅಕ್ಷರ ಇಲ್ಲ. ಹೂ ಇಡೋಕ್ ಬರೋರೆಲ್ಲಾ ಮಿಲಿಟರಿಯೋರೇ. ನೋಡಿದ್ ತಕ್ಷಣ ಗೊತ್ತಾಗೋಯ್ತದೆ. ತಾತನ್ನೇ ನಗ್ತಾರೆ.”

“ನಗ್ಲಿ. ಊರೋರು ನಲವತ್ತೈವತ್ ವರ್ಸ ನಕ್ಕವ್ರೆ. ಕತ್ತೆ ಕಾಯೋಕೆ ಅಷ್ಟ್ ದೂರ ಓಗ್ಬೇಕಿತ್ತಾ, ನಮ್ಮೂರಲ್ಲಿ ಕತ್ತೆ ಇರ್ನಿಲ್ವಾ ಅಂತ. ಆಗ ನಿನ್ ಮಿಲಿಟರಿಯೋರು ಯಾರೂ ಬಂದ್ ಕೇಳ್ನಿಲ್ಲ.” ನನ್ನ ಕಡೆ ತಿರುಗಿದರು. “ಕಲ್ಲಲ್ಲಿ ಕೆತ್ತಿದ್ ಮ್ಯಾಲೆ ಅಳಿಸಕ್ಕಾಗಾಕಿಲ್ಲ ತಾನೆ?”

“ಆಗಾಕಿಲ್ಲ ಅವ್ವ.”

“ಅದ್ಕೇ ಕಲ್ಲು ತಂದಿದ್ದು. ಸೋಮವಾರ ಬತ್ತೀನಿ.”

ಕತ್ತೆಯ ಮಾತು ಅರ್ಧ ನಿಜ. ಮಾದಯ್ಯನವರು ಸೈನ್ಯದಲ್ಲಿದ್ದದ್ದು ಹೇಸರಗತ್ತೆಗಳ ಪಡೆಯಲ್ಲಿ. ಲಾರಿ ಹತ್ತದ ಬೆಟ್ಟಗಳಿಗೆ, ಮಂಜಿನಲ್ಲಿ, ಗುಂಡು, ಹಿಟ್ಟು, ಸೀಮೆಎಣ್ಣೆ ಎಲ್ಲವನ್ನೂ ಹೊತ್ತು ಹತ್ತುವ ಹೇಸರಗತ್ತೆಗಳು; ಅವುಗಳ ಹಗ್ಗ ಹಿಡಿದು ಪಕ್ಕದಲ್ಲಿ ಹತ್ತುವವರು ಇವರು. ಲೊಕ್ಕನಹಳ್ಳಿ ದನ ಸಾಕುವ ಊರು. ದನ ಮೇಯಿಸುವವನಿಗೆ ಕತ್ತೆ ಮೇಯಿಸುವವನನ್ನು ಕಂಡರೆ ನಗು ಬರದೆ ಇರುತ್ತದೆಯೇ? ಟೀ ಅಂಗಡಿಯಲ್ಲಿ ಅವರು ಕೂತರೆ ಯಾರಾದರೊಬ್ಬರು, “ಹವಾಲ್ದಾರ್ರೇ, ನಿಮ್ ಪಲ್ಟನ್ನು ಸಂತೆಗ್ ಬಂದದೆ ನೋಡಿ,” ಅಂತ ದೋಬಿಯ ಕತ್ತೆ ತೋರಿಸುವರು. ಅವರು ಟೀ ಕುಡಿದು, ಲೋಟ ಬೋರಲು ಹಾಕಿ, ಎದ್ದು ಹೋಗುವರು. ಹೆಂಡತಿ ಮಾತ್ರ ಅಷ್ಟು ಸುಲಭವಾಗಿ ಎದ್ದು ಹೋಗುವವರಲ್ಲ.

ಅವರು ನಿವೃತ್ತಿಯಾಗಿ ಊರಿಗೆ ಬಂದ ವರ್ಷ, ಅಂದರೆ ಸುಮಾರು ಮೂವತ್ತು ವರ್ಷದ ಹಿಂದೆ, ಚಿಕ್ಕತಾಯಮ್ಮ ಮೊದಲ ಸಲ ನನ್ನ ಅಂಗಡಿಗೆ ಬಂದದ್ದು. ಕಂಕುಳಲ್ಲಿ ಒಂದು ಹಲಸಿನ ಹಲಗೆ, ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಗಂಡ ಯಾವುದೋ ಕಾಗದಪತ್ರಕ್ಕೆ ಮೈಸೂರಿಗೆ ಹೋಗಿದ್ದರು. ಬರುವಷ್ಟರಲ್ಲಿ ಬಾಗಿಲ ಮೇಲೆ ಬೋರ್ಡು ತೂಗಿಸಿ ದಂಗುಬಡಿಸಬೇಕು ಅನ್ನುವುದು ಇವರ ಆಸೆ.

“ಎದುರ್ ಮನೆ ಮೇಷ್ಟ್ರ ಎಸ್ರಿನ್ ಇಂದೆ ನಾಕಕ್ಷರ ಅವೆ,” ಅಂದರು. “ಇವ್ರ ಎದೆ ಮ್ಯಾಲೆ ಇಷ್ಟೊಂದ್ ಪದಕ ಅವೆ. ಒಂದಕ್ಷರನೂ ಇಲ್ವಾ?”

ಪೆಟ್ಟಿಗೆ ತೆರೆದರು. ಒಳಗೆ ಬಿಳಿ ಬಟ್ಟೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳಿಗೆ ನೇತುಬಿದ್ದ ಪದಕಗಳು. ಅವುಗಳ ಕೆಳಗೆ ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ. ಅದರಲ್ಲಿ ಪದಕಗಳ ಹೆಸರು ಇಂಗ್ಲಿಷಿನಲ್ಲಿ ಬರೆದಿತ್ತು. ಈಗ ನನ್ನ ಬುದ್ಧಿ ಹೇಗೆ ಓಡಿತು ನೋಡಿ. ಮಾಸ್ಟರ್ ಆಫ್ ಆರ್ಟ್ಸ್ ಎಂ.ಎ. ಆಗುವುದು ಹೇಗೆ ಅಂತ ನನಗೆ ಒಬ್ಬ ಮೇಷ್ಟ್ರು ಹೇಳಿಕೊಟ್ಟಿದ್ದರು: ದೊಡ್ಡಕ್ಷರ ಮಾತ್ರ ಹೆಕ್ಕಿ, ನಡುವೆ ಚುಕ್ಕಿ ಇಡು. ಸರಿ, ಸೈನ್ಯ ಸೇವಾ ಮೆಡಲ್ ಎಸ್.ಎಸ್.ಎಂ. ಆಯಿತು. ಎತ್ತರದ ಬೆಟ್ಟದಲ್ಲಿ ಇದ್ದದ್ದಕ್ಕೆ ಕೊಟ್ಟ ಹೈ ಆಲ್ಟಿಟ್ಯೂಡ್ ಸರ್ವಿಸ್ ಮೆಡಲ್ ಎಚ್.ಎ.ಎಸ್.ಎಂ. ಆಯಿತು. ಮೂರೂ ನಾಲ್ಕೂ ಏಳು. ಮೇಷ್ಟ್ರಿಗಿಂತ ಮೂರು ಜಾಸ್ತಿ. ಇನ್ನೆರಡು ಪದಕ ಉಳಿದಿದ್ದವು, ಹಲಗೆ ಮುಗಿದುಹೋಯಿತು. ಬಿ.ಎ. ಓದದೆಯೇ ಒಬ್ಬರಿಗೆ ಏಳಕ್ಷರ ಕೊಡಿಸಿದೆನಲ್ಲ ಅಂತ ನಾನು ಆ ದಿನ ಮಧ್ಯಾಹ್ನ ಊಟಕ್ಕೂ ಹೋಗದೆ ಅದನ್ನೇ ನೋಡುತ್ತಾ ಕೂತಿದ್ದೆ.

ಹಸಿರು ಬಣ್ಣದ ಮೇಲೆ ಬಿಳಿಯ ಅಕ್ಷರ. ಬಣ್ಣ ಒಣಗುವವರೆಗೆ ಕಾಯಲು ಚಿಕ್ಕತಾಯಮ್ಮನಿಗೆ ಎಲ್ಲಿಯ ತಾಳ್ಮೆ! ಹಲಗೆಯನ್ನು ಎರಡೂ ಅಂಚಿಗೆ ಹಿಡಿದು, ರೊಟ್ಟಿ ಹೆಂಚು ಹಿಡಿದ ಹಾಗೆ ಮುಂದಕ್ಕೆ ಚಾಚಿಕೊಂಡು, ಲೊಕ್ಕನಹಳ್ಳಿಯವರೆಗೂ ಬಸ್ಸಿನಲ್ಲಿ ನಿಂತೇ ಹೋದರಂತೆ. ಸೀಟು ಬಿಟ್ಟುಕೊಟ್ಟವರಿಗೆಲ್ಲ ಬೋರ್ಡು ತೋರಿಸಿದರಂತೆ.

ಮೂರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹವಾಲ್ದಾರರೇ ಬಂದರು. ಕುಳ್ಳಗಿನ, ನೆಟ್ಟಗಿನ ಮನುಷ್ಯ. ಗೋಣಿಯಲ್ಲಿ ಸುತ್ತಿದ ಬೋರ್ಡನ್ನು ನನ್ನ ಮುಂದಿಟ್ಟು, ಗೋಣಿಯನ್ನು ನಾಲ್ಕು ಮಡಿಕೆ ಮಡಿಸಿ ಪಕ್ಕಕ್ಕಿಟ್ಟು, ಆಮೇಲೆ ಮಾತಾಡಿದರು.

“ಇದ್ನ ಬರ್ದೋರ್ ಯಾರು?”

“ನಾನೇ ಸಾ.”

“ಚೆಂದಾಗದೆ.” ನಾನು ಉಬ್ಬಿದೆ. “ಈಗ ಎಸ್ರಿನ್ ಇಂದಿಂದೆಲ್ಲಾ ಅಳ್ಸು.”

“ಯಾಕ್ ಸಾ? ತಪ್ಪಾಗದಾ?”

“ಬರ್ದಿರೋದ್ರಲ್ಲಿ ಏನೂ ತಪ್ಪಿಲ್ಲ. ನಂದಲ್ಲ, ಅಷ್ಟೆ.”

“ನಿಮ್ ಪುಸ್ತಕ ನೋಡೇ ಬರ್ದಿದ್ದು ಸಾ. ಪದಕ ನಿಮ್ದೇ ತಾನೆ?”

“ಪದಕ ನಂದು ಕಣ್ಲಾ. ಅಕ್ಷರ ನಂದಲ್ಲ.”

ಬರೆದದ್ದನ್ನು ಅಳಿಸುವುದು ನನ್ನ ಜನ್ಮದಲ್ಲಿರಲಿಲ್ಲ. ನಾನೂ ಹಟಮಾರಿ; ಬ್ರಷ್ಷು ಮುಟ್ಟದೆ ಕೂತೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಬಣ್ಣದ ಡಬ್ಬದ ಮೇಲೆ, ನೀವು ಈಗ ಕೂತ ಹಾಗೆಯೇ ಕೂತರು. ಜೇಬಿನಿಂದ ಪದಕಗಳ ಸಾಲನ್ನು ತೆಗೆದು ಮಂಡಿಯ ಮೇಲೆ ಹರವಿದರು.

“ನೋಡು. ಇದು ಒಂಬತ್ತು ವರ್ಸ ಇದ್ದದ್ದಕ್ಕೆ. ಇದು ಇಪ್ಪತ್ತಕ್ಕೆ. ಈ ಬೆಟ್ಟದ್ದು, ಅಷ್ಟೆತ್ತರದಲ್ಲಿ ಆರ್ ತಿಂಗ್ಳು ಇದ್ದದ್ದಕ್ಕೆ. ಅಲ್ಲಿದ್ದೋರ್ಗೆಲ್ಲಾ ಕೊಡ್ತಾರೆ. ನಾನೂ ಇದ್ದೆ, ನಂಗೂ ಕೊಟ್ರು. ಶೌರ್ಯಕ್ಕೆ ಅಂತ ಕೊಡೋದು ಬ್ಯಾರೆ. ಭಾರಿ ಸೇವೆ ಮಾಡ್ದ ಅಂತ ಆರಿಸ್ಕೊಂಡು ಕೊಡೋದೂ ಬ್ಯಾರೆ. ಅವಕ್ಕೆ ಅಕ್ಷರ ಅವೆ, ಎಸ್ರಿನ್ ಇಂದೆ ಬರ್ಕಬೋದು. ಬರೀ ಇದ್ದದ್ದಕ್ಕೆ ಅಕ್ಷರ ಇಲ್ಲ.”

“ಅಷ್ಟ್ ಚಳೀಲಿ ಇರೋದಂದ್ರೆ ಸುಮ್ನೇನಾ ಸಾ?”

“ಸುಮ್ನೆ ಅಂತ ಯಾರಂದ್ರು? ಅದ್ಕೇ ಪದಕ ಕೊಟ್ಟಿದ್ದು. ಅದು ಎದೆ ಮ್ಯಾಲೆ ಇರ್ತದೆ. ಎಸ್ರಿಗೆ ಅಂಟಾಕಿಲ್ಲ.” ಪದಕದ ಪಟ್ಟಿಯೊಂದನ್ನು ಬೆರಳಿನಿಂದ ನೇರ ಮಾಡಿ, ನಕ್ಕರು. “ನಮ್ ಎಸರ್ಗತ್ತೆಗೂ ಗೊರಸಿನ ಮ್ಯಾಲೆ ನಂಬರ್ ಆಕ್ತಿದ್ರು ಕಣ್ಲಾ. ಅದೂ ಅಲ್ಲೇ ಇತ್ತು, ನಾನಿದ್ದಷ್ಟೇ ದಿನ. ಅದ್ಕೇನ್ ಕೊಟ್ರು? ಕಡ್ಲೆ ಕೊಟ್ರು.”

ಆಮೇಲೆ ಅವರು ಆ ಬೆಟ್ಟದ ಮಾತಾಡಿದರು. ನನಗೆ ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ, ನೋಡದೆ ಇದ್ದದ್ದು. ಮರವಿಲ್ಲ, ಹಕ್ಕಿಯಿಲ್ಲ. ಒಂದರ ಹಿಂದೊಂದು ಹೇಸರಗತ್ತೆಗಳು, ಸದ್ದಾಗಬಾರದೆಂದು ಕೊರಳ ಗಂಟೆ ಬಿಚ್ಚಿಸಿಕೊಂಡವು. ಅವುಗಳ ಉಸಿರು ಮೂಗಿನ ಹತ್ತಿರವೇ ಬಿಳಿಯಾಗಿ ನಿಂತುಬಿಡುತ್ತದೆ. ಹಿಂದೆ ಬರುವವನಿಗೆ ಮುಂದಿನವನು ಕಾಣುವುದಿಲ್ಲ; ಹಗ್ಗ ಬಿಗಿಯಾದರೆ ಅವನಿದ್ದಾನೆ, ಸಡಿಲವಾದರೆ ಅವನು ನಿಂತಿದ್ದಾನೆ. “ಅಲ್ಲಿ ಎಸ್ರು ಯಾರ್ಗ್ ಬೇಕು? ಅಗ್ಗ ಇದ್ರೆ ಸಾಕು,” ಅಂದರು ಹವಾಲ್ದಾರರು. ಹೊರಗೆ ಹನೂರಿನ ಬಸ್ಸು ಹಾರನ್ ಹೊಡೆಯುತ್ತಿತ್ತು, ಯಾರೋ ರೇಷ್ಮೆಗೂಡಿನ ಮೂಟೆ ಇಳಿಸುತ್ತಿದ್ದರು, ಬಿಸಿಲು ಸುಡುತ್ತಿತ್ತು. ನನ್ನ ಮುಂಗೈಯ ಕೂದಲು ಎದ್ದು ನಿಂತಿದ್ದವು.

ನಾನು ಉಪ್ಪುಕಾಗದ ತೆಗೆದುಕೊಂಡು ಉಜ್ಜತೊಡಗಿದೆ. ಎಚ್ ಹೋಯಿತು, ಎ ಹೋಯಿತು. ಅವರು ನನ್ನ ಕೈ ನೋಡಲಿಲ್ಲ. ರಸ್ತೆ ನೋಡುತ್ತಾ, ಬೇರೆ ಯಾರಿಗೋ ಹೇಳುವವರ ಹಾಗೆ ಹೇಳಿದರು:

“ಬೆಟ್ಟದ ಮ್ಯಾಲೆ ನಾನಿದ್ದ ದಿನ್ವೆಲ್ಲಾ ಬರ್ಕಂಡ್ರು. ಆ ದಿನ್ವೆಲ್ಲಾ ಇಲ್ಲಿ ಅವ್ಳೂ ಇದ್ಲಲ್ಲ. ಮಗೀನ ಬೆನ್ನಿಗ್ ಕಟ್ಕಂಡು ಅಟ್ಟಣೆ ಮ್ಯಾಲೆ ಕೂತು ರಾಗಿ ಕಾದ್ಲು. ಆನೆ ಬಂದ್ರೆ ತಟ್ಟೆ ಬಡ್ದು ಓಡಿಸಿದ್ಲು. ಅವ್ಳ್ ದಿನ ಯಾರೂ ಬರ್ಕಳ್ನಿಲ್ಲ. ಅವ್ಳ್ ಕೈಲೇ ಅಕ್ಷರ ತರ್ಸಿ, ನನ್ನೆಸ್ರಿಗೆ ಅಂಟಿಸ್ಕಂಡು, ಅವ್ಳ್ ಕಾದಿರೋ ಮನೆ ಬಾಗ್ಲಿಗೆ ಹೊಡ್ಕಳ್ಲಾ ನಾನು?”

ನಾನು ಉಜ್ಜುವುದನ್ನು ನಿಲ್ಲಿಸಿದೆ.

“ಇದ್ನ ಅವ್ಳ್ಗೆ ಏಳ್ಬ್ಯಾಡ,” ಅಂದರು. “ಅತ್ತುಬುಡ್ತಾಳೆ. ಅವ್ಳತ್ರೆ ನನ್ ಕೈಲಾಗಾಕಿಲ್ಲ.”

ಹೇಳಲಿಲ್ಲ. ಮೂವತ್ತು ವರ್ಷ ಹೇಳಲಿಲ್ಲ.

ಆದರೆ ಬಣ್ಣದ್ದೊಂದು ಗುಣ ಇದೆ. ಎಷ್ಟು ಉಜ್ಜಿ ಮೇಲೆ ಹೊಸ ಬಣ್ಣ ಹೊಡೆದರೂ ಹಳೆಯ ಅಕ್ಷರದ ದಪ್ಪ ಸ್ವಲ್ಪ ಉಳಿದುಬಿಡುತ್ತದೆ. ಮುಂದೊಮ್ಮೆ ಸ್ಕೂಲಿನ ಗೋಡೆ ಬರೆಯಲು ಲೊಕ್ಕನಹಳ್ಳಿಗೆ ಹೋದಾಗ ಚಿಕ್ಕತಾಯಮ್ಮ ನನ್ನನ್ನು ಮನೆಗೆ ಕರೆದು, “ವಸಿ ಕೂತ್ಕ, ಈಗ ಬತ್ತವೆ,” ಅಂದರು. ಮೇಯಲು ಹೋದ ದನ ಬರುತ್ತವೇನೋ ಅಂದುಕೊಂಡೆ. ಕಾಡಿನ ಕಡೆ ಇಳಿಯುತ್ತಿದ್ದ ಸೂರ್ಯ ಓರೆಯಾಗಿ ಬಾಗಿಲ ಮೇಲಿನ ಬೋರ್ಡಿಗೆ ಬಿದ್ದ. ಹಸಿರೊಳಗಿನಿಂದ ಹಸಿರೇ ಆದ ಏಳಕ್ಷರ, ನೀರೊಳಗಿನ ಮೀನಿನ ಹಾಗೆ, ಒಂದೊಂದೇ ಮೇಲೆ ಬಂದವು. ನಾಲ್ಕು ನಿಮಿಷ ಇದ್ದು ಮುಳುಗಿದವು. ದಿನಾ ಆ ಹೊತ್ತಿಗೆ ಸರಿಯಾಗಿ ಅವರು ಅಕ್ಕಪಕ್ಕದ ಹೆಂಗಸರನ್ನು ಎಲೆಅಡಿಕೆಗೆ ಕರೆಯುತ್ತಿದ್ದರಂತೆ. ಹವಾಲ್ದಾರರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಆ ನಾಲ್ಕು ನಿಮಿಷ ಅವರು ಹಿತ್ತಲಿಗೆ ಹೋಗಿ ಎಮ್ಮೆಗೆ ಹುಲ್ಲು ಹಾಕಿ ಬರುತ್ತಿದ್ದರು.

ಎರಡು ವರ್ಷದ ಹಿಂದೆ ಸಹನಾಗೆ ಎನ್‌ಸಿಸಿ ಕ್ಯಾಂಪಿನಲ್ಲಿ ಒಂದು ಪದಕ ಬಂತು. ಅವಳಪ್ಪ ಮಾಂಬಳ್ಳಿಯಿಂದ ಓಡಿಬಂದು, ಗೇಟಿನ ಪಕ್ಕದ ಕಲ್ಲಿನಲ್ಲಿ ಮಗಳ ಹೆಸರು ಕೆತ್ತಿ, ಹಿಂದೆ ‘ಏನಾದ್ರೂ ಒಂದ್ ನಾಕಕ್ಷರ’ ಹಾಕಿಕೊಡು ಅಂದ. ಈ ಸಲ ನಾನು ಜಾಣನಾಗಿದ್ದೆ. ಮಾವನನ್ನು ಕೇಳಿಕೊಂಡು ಬಾ ಅಂದೆ. ಮಾರನೇ ದಿನ ಅಪ್ಪ, ಮಗಳು, ತಾತ ಮೂವರೂ ಬಂದರು. ಹವಾಲ್ದಾರರಿಗೆ ಆಗಲೇ ಕೋಲು ಬಂದಿತ್ತು.

“ಕ್ಯಾಡೆಟ್ ಪದಕ ಯೂನಿಫಾರಂ ಮ್ಯಾಲೆ. ಯೂನಿಫಾರಂ ಬಿಚ್ಚಿದ್ರೆ ಡಬ್ಬಿ ಒಳ್ಗೆ,” ಅಂದರು ಅಳಿಯನಿಗೆ. “ಗೇಟಿಗೆ ಇಲ್ಲ.”

“ಪರೀಕ್ಸೆ ಪಾಸಾಗಿ ಸರ್ಟಿಫಿಕೇಟೂ ತಕಂಡವ್ಳೆ ಮಾವ.”

“ಅದು ಫೈಲಿಗೆ. ಕೆಲ್ಸಕ್ ಅರ್ಜಿ ಆಕ್ದಾಗ ತೋರ್ಸ್ಲಿ. ಅದ್ಕೂ ಬಾಲ ಇಲ್ಲ.” ಮೊಮ್ಮಗಳ ಕಡೆ ತಿರುಗಿ ದನಿ ಇಳಿಸಿದರು. “ನಿಂಗೆ ಅಕ್ಷರ ಬೇಕಾ ಮಗ?”

“ಬೇಡ ತಾತ. ಪದಕ ಇದೆಯಲ್ಲ.”

ಅವರು ಕೋಲನ್ನು ನೆಲಕ್ಕೆ ಒಂದು ಸಲ ಕುಟ್ಟಿದರು. ಅಷ್ಟು ಸಂತೋಷವಾಗಿತ್ತು.

ಇದೆಲ್ಲ ನೆನೆಯುತ್ತಾ ನಾಲ್ಕು ದಿನ ಕಳೆದೆ. ಬರೀ ಹೆಸರು ಬರೆದರೆ ಚಿಕ್ಕತಾಯಮ್ಮನ ಮುಖ ಕಾಣುವುದು. ಏಳಕ್ಷರ ಸೇರಿಸಿದರೆ, ಹೂ ಹಿಡಿದು ಬಂದವರ ಮುಂದೆ ಹವಾಲ್ದಾರರು ತಲೆ ತಗ್ಗಿಸಿ ನಿಂತ ಹಾಗಾಗುವುದು. ಅದೂ ಹಿತ್ತಲಿಗೆ ಹೋಗಿ ತಪ್ಪಿಸಿಕೊಳ್ಳಲೂ ಆಗದವರು. ಆಕೆ ಕೇಳುವುದರಲ್ಲಿ ತಪ್ಪೇನು ಅಂತಲೂ ಅನ್ನಿಸುವುದು. ಬಾಲವಿಲ್ಲದ ಹೆಸರನ್ನು ಹೊತ್ತು ಬದುಕಿದವನು ನಾನು, ಆ ಉರಿ ನನಗೆ ಗೊತ್ತು. ಒದ್ದೆ ಕಲ್ಲು ಕನ್ನಡಿಯ ಹಾಗೆ. ನೋಡುತ್ತಾ ಕೂತರೆ ಒಳಗೆ ಬೇವಿನ ಎಲೆ ಆಡುತ್ತದೆ, ಮೋಡ ಹೋಗುತ್ತದೆ. ಒಂದೊಂದು ಸಲ ಆ ಕರಿಯ ಆಳದಲ್ಲಿ ಮಂಜಿನ ಬೆಟ್ಟವೂ ರಾಗಿ ಹೊಲದ ಅಟ್ಟಣೆಯೂ ಅಕ್ಕಪಕ್ಕದಲ್ಲಿದ್ದ ಹಾಗೆ, ಎರಡಕ್ಕೂ ನಡುವೆ ಯಾರೋ ಒಂದು ಹಗ್ಗ ಹಿಡಿದ ಹಾಗೆ ಕಾಣುತ್ತಿತ್ತು. ವಯಸ್ಸಾಯಿತು ನೋಡಿ, ಹಗಲೇ ಕನಸು ಬೀಳುತ್ತದೆ.

ಸೋಮವಾರ ಹನ್ನೊಂದರ ಬಸ್ಸಿಗೆ ಚಿಕ್ಕತಾಯಮ್ಮ ಒಬ್ಬರೇ ಬಂದರು. ಕಲ್ಲಿನ ಮುಂದೆ ನಿಂತರು. ಓದು ಬಾರದು, ಆದರೆ ಖಾಲಿ ಕಲ್ಲು ಯಾರಿಗೂ ಗೊತ್ತಾಗುತ್ತದೆ.

“ಏನಪ್ಪ, ಒಂದ್ ಗೀಟೂ ಇಲ್ಲ! ಕೈಗೇನ್ ಬಂದದೆ?”

“ಅವ್ವ, ಕೂತ್ಕಳಿ. ಒಂದ್ ಮಾತು ಏಳ್ಬೇಕು.”

“ನಿಂತೇ ಕೇಳ್ತೀನಿ, ಏಳು.”

ಹೇಳಿದೆ. ಉಪ್ಪುಕಾಗದ ಹಿಡಿದಿದ್ದ ಬೆಳಿಗ್ಗೆ, ರಸ್ತೆ ನೋಡುತ್ತಾ ಹವಾಲ್ದಾರರು ಆಡಿದ್ದನ್ನು ಅವರ ಮಾತಿನಲ್ಲೇ, ಒಂದೂ ಬಿಡದೆ, ಒಂದೂ ಸೇರಿಸದೆ ಹೇಳಿದೆ. ಅವರ ದಿನ ಬರೆದುಕೊಂಡರು, ಇವರ ದಿನ ಯಾರೂ ಬರೆದುಕೊಳ್ಳಲಿಲ್ಲ ಅಂದದ್ದನ್ನೂ, ಮಗು ಬೆನ್ನಿಗೆ ಕಟ್ಟಿದ್ದನ್ನೂ, ಹೇಳಬೇಡ ಅಂದದ್ದನ್ನೂ. ಹೇಳುವಾಗ ಆಕೆಯ ಮುಖ ನೋಡಲು ಧೈರ್ಯ ಬರದೆ ನಾನೂ ರಸ್ತೆಯನ್ನೇ ನೋಡಿದೆ.



“ಯಾವಾಗಂದಿದ್ದು?”

“ಬೋರ್ಡು ಅಳಿಸ್ದಾಗ.”

“ಮೂವತ್ ವರ್ಸ ಆಯ್ತಲ್ಲಪ್ಪ!”

“ಊಂ ಅವ್ವ.”

“ನಿನ್ ಕೈಲಿ ಏಳವ್ರೆ. ನನ್ ಕೈಲಿ ಒಂದಿನ ಏಳ್ನಿಲ್ಲ. ಬಾಯ್ಗೇನಾಗಿತ್ತು? ಎಸರ್ಗತ್ತೆ ಜೊತೆ ಇದ್ದು ಇದ್ದು ಮಾತೇ ಮರ್ತೋಗಿತ್ತಾ?” ಆಕೆ ಕಲ್ಲಿನ ಕಡೆ ತಿರುಗಿ ಕಲ್ಲನ್ನೇ ಬೈದರು. “ಒಂದಿನ. ಒಂದಿನ ಅಂದಿದ್ರೆ ನಾನ್ಯಾಕೆ ಮೇಷ್ಟ್ರ ಬೋರ್ಡು ನೋಡ್ಕಂಡ್ ಉರ್ಕಂಡು ಸಾಯ್ತಿದ್ದೆ?”

“ಅಳ್ತೀರಾ ಅಂತ ಏಳ್ಬ್ಯಾಡ ಅಂದ್ರು.”

“ನಾನ್ಯಾಕಳ್ಲಿ?” ಅಂದು ಸೆರಗಿನಿಂದ ಮುಖ ಒರೆಸಿಕೊಂಡರು. ಬಿಸಿಲೂ ಜೋರಾಗಿಯೇ ಇತ್ತು. ಆಮೇಲೆ, ಒರೆಸಿಕೊಳ್ಳುತ್ತಲೇ, “ತಟ್ಟೆ ಅಲ್ಲ ನಾನ್ ಬಡ್ದಿದ್ದು, ಡಬ್ಬ. ತಟ್ಟೆ ಸದ್ದಿಗೆ ಆನೆ ಓಗ್ತದಾ? ಅದ್ನೂ ಸರ್ಯಾಗ್ ಏಳ್ನಿಲ್ಲ ನೋಡು,” ಅಂದರು.

ಬಣ್ಣದ ಡಬ್ಬ ಎಳೆದುಕೊಟ್ಟೆ, ಕೂತರು. ನಾನು ಒಳಗೆ ಹೋಗಿ ನೀರು ತಂದುಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, “ಆಯ್ತು. ಅಕ್ಷರ ಬ್ಯಾಡ. ಬರೀ ಎಸ್ರು ಬರಿ,” ಅಂದರು. ಹೇಳಿದ ದನಿಯಲ್ಲಿ ಸೋಲಿರಲಿಲ್ಲ.

ನಮ್ಮಲ್ಲಿ ಸಮಾಧಿಯ ಕಲ್ಲಿಗೆ ಒಂದು ಪದ್ಧತಿ ಇದೆ. ತೀರಿಕೊಂಡವರ ಹೆಸರು ಮಧ್ಯದಲ್ಲಿ, ದೊಡ್ಡದಾಗಿ. ಕಲ್ಲು ನಿಲ್ಲಿಸಿದವರ ಹೆಸರು ಕೆಳಗೆ, ಮಣ್ಣಿಗೆ ತಾಗುವ ಕಡೆ, ಕಿರುಬೆರಳಿನಷ್ಟು ಅಕ್ಷರದಲ್ಲಿ. ಎರಡು ಮಳೆ ಬಿದ್ದರೆ ಕೆಸರು ಹಾರಿ ಅದು ಮುಚ್ಚಿಹೋಗುತ್ತದೆ. ನೂರಾರು ಕಲ್ಲಿಗೆ ನಾನೇ ಹಾಗೆ ಬರೆದಿದ್ದೇನೆ. ಆ ಕ್ಷಣದಲ್ಲಿ ಅದು ನೆನಪಾಗಿ, “ಅವ್ವ, ನಿಮ್ಮೆಸ್ರೂ ಬರೀತೀನಿ,” ಅಂದೆ. “ಕೆಳ್ಗೆ ಸಣ್ಣಕ್ಷರದಲ್ಲಲ್ಲ. ಅವ್ರ ಎಸ್ರಿನಷ್ಟೇ ದೊಡ್ಡಕ್ಕೆ.”

“ನಂಗೂ ಪದಕನಾ?”

“ಪದಕ ಕೊಡೋಕೆ ನಾನ್ಯಾರವ್ವ? ಅಳತೆ ಮಾತ್ರ ನನ್ ಕೈಲದೆ.”

ಆಕೆ ಬೇಡ ಅನ್ನಲಿಲ್ಲ. ನಾನು ನೂಲು ಹಿಡಿದು ಗೆರೆ ಹೊಡೆದು ಸೀಮೆಸುಣ್ಣದಲ್ಲಿ ಬರೆದೆ. ಮೇಲೆ ಒಂದು ಸಾಲಿನಲ್ಲಿ ‘ಹವಾಲ್ದಾರ್’. ಅದು ಹೆಸರಿನ ಮುಂದಿನದು, ಅದಕ್ಕೆ ಅವರು ಅರ್ಹರೇ. ಅದರ ಕೆಳಗೆ ‘ಮಾದಯ್ಯ’. ಬಲಗಡೆ ಜಾಗ ಉಳಿಯಿತು. ಕೈ ಸುಮ್ಮನಿತ್ತು. ಅದರ ಕೆಳಗೆ, ಅದೇ ದಪ್ಪ, ಅದೇ ಎತ್ತರ, ‘ಚಿಕ್ಕತಾಯಮ್ಮ’.

ಆಕೆ ಎದ್ದು ಬಂದು, ಯಾವ ಸಾಲು ಯಾರದು ಅಂತ ಕೇಳಿಕೊಂಡು, ಹೆಬ್ಬೆರಳು ತೋರುಬೆರಳು ಅಗಲಿಸಿ ಗಂಡನ ಹೆಸರಿನ ಎತ್ತರಕ್ಕೆ ಹಿಡಿದರು. ಆ ಅಳತೆ ಜಾರದ ಹಾಗೆ ಕೈ ಬಿಗಿಹಿಡಿದು ಕೆಳಗಿನ ಸಾಲಿಗೆ ತಂದಿಟ್ಟರು. ಸರಿಯಾಗಿ ಕೂತಿತು. ಆಮೇಲೆ ಉದ್ದ ಅಳೆದರು. ಗೇಣು ಹಾಕಿದರು, ಮತ್ತೊಮ್ಮೆ ಹಾಕಿದರು, ನನ್ನ ಮುಖ ನೋಡಿದರು.

“ಯಾಕ್ಲಾ, ನಂದು ಉದ್ದ ಅದೆ?”

“ನಿಮ್ಮೆಸ್ರಲ್ಲಿ ಅಕ್ಷರ ಜಾಸ್ತಿ ಅವ್ವ. ಅವ್ರದ್ದು ಮೂರು, ನಿಮ್ದು ಐದು.”

“ಯಾರ್ ಕೊಟ್ಟಿದ್ದು ಅಷ್ಟೊಂದ?”

“ನಿಮ್ಮವ್ವ ಅಪ್ಪ.”

ಚಿಕ್ಕತಾಯಮ್ಮ ನಕ್ಕರು. ಬೇವಿನ ಮರದ ಕೆಳಗೆ ಮಲಗಿದ್ದ ನಾಯಿ ಎದ್ದು ನೋಡುವಷ್ಟು ಜೋರಾಗಿ ನಕ್ಕರು. “ಮೇಷ್ಟ್ರ ಹೆಂಡ್ತಿ ಬಂದ್ ನೋಡ್ಲಿ ಈಗ,” ಅಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹನೂರಿನ ಬಸ್ಸಿಗೆ ಹೊತ್ತಾಯಿತು ಅಂತ ನಡೆದೇಬಿಟ್ಟರು. ತಿರುವಿನಲ್ಲಿ ಮರೆಯಾಗುವವರೆಗೂ ಆ ಎರಡು ಬೆರಳು ಅಗಲಿಸಿಕೊಂಡೇ ಹೋಗುತ್ತಿದ್ದದ್ದು ಕಂಡಿತು.

ನಾನು ಕಲ್ಲಿನ ಮುಂದೆ ಮಂಡಿಯೂರಿದೆ. ಕಸುಬಿನ ಕ್ರಮದಲ್ಲಿ ಮೇಲಿನ ಸಾಲಿನಿಂದ ಶುರುಮಾಡಬೇಕು. ಕೆಳಗೆ ಮೊದಲು ಕೆತ್ತಿದರೆ ಮೇಲಿನ ಪುಡಿ ಬಿದ್ದು ಅಂಚು ಮಂಕಾಗುತ್ತದೆ. ಗೊತ್ತಿದ್ದೂ ಉಳಿಯನ್ನು ಕೆಳಗಿನ ಸಾಲಿಗೆ ಇಟ್ಟೆ. ‘ಚಿ’ಯ ಮೇಲೆ ಮೊದಲ ಪೆಟ್ಟು ಹಾಕಿದೆ.